ಬೆಳೆ ಕಾಯುವ ಕೋವಿಗೆ ಯಾವ ತೋಟೆ?



ಭತ್ತ ಹಾಲುಗಟ್ಟುವಾಗ, ಮೆಕ್ಕೆಜೋಳದ ತೆನೆ ಬಲಿಯುವಾಗ ಕಾಡುಹಂದಿಯ ಹಿಂಡು ಹೊಲಗದ್ದೆಗೆ ಇಳಿಯುತ್ತದೆ. ಒಂದು ರಾತ್ರಿಯಲ್ಲಿ ಅದು ತಿನ್ನುವುದಕ್ಕಿಂತ ತುಳಿದು, ಮಗುಚಿ ಹಾಳುಮಾಡುವುದೇ ಹೆಚ್ಚು. ಮಲೆನಾಡು, ಕೊಡಗು ಮತ್ತು ಘಟ್ಟದ ತಪ್ಪಲಿನ ಅನೇಕ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಇಟ್ಟುಕೊಂಡ ಕೋವಿ ಇದೆ. ಸುಗ್ಗಿ ಹತ್ತಿರ ಬಂದಿತೆಂದರೆ ಪೇಟೆಗೆ ಹೋಗಿ, ಅಂಗಡಿಯಲ್ಲಿ "ಅಗ್ಗದ ತೋಟೆ ಯಾವುದಿದೆ?" ಎಂದು ಕೇಳುವುದು ವಾಡಿಕೆ. ಆ ಪ್ರಶ್ನೆಯಲ್ಲಿಯೇ ನಷ್ಟ ಆರಂಭವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ತೋಟೆಯಿಂದ ತಮಗೆ ಆಗಬೇಕಾದ ಕೆಲಸ ಯಾವುದೆಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ಬೆಲೆಯ ಮಾತು ಆಮೇಲಿನದು.

ಕೋವಿಯಿಂದ ಆಗುವ ಕೆಲಸ ಎರಡೇ. ಒಂದು, ಪ್ರಾಣಿಯನ್ನು ಹೆದರಿಸಿ ಓಡಿಸುವುದು. ಇನ್ನೊಂದು, ಅಪ್ಪಣೆ ಪಡೆದು ಕೊಲ್ಲುವುದು. ಎರಡಕ್ಕೂ ಒಂದೇ ತೋಟೆ ಸಾಕೆಂದು ನಡುವಿನದೊಂದನ್ನು ಆರಿಸುವವರೇ ಬಹಳ ಮಂದಿ. ಅದರಿಂದ ಎರಡು ಕೆಲಸವೂ ಸರಿಯಾಗಿ ಆಗುವುದಿಲ್ಲ.

ಹೆದರಿಸಲು ಬೇಕಾದದ್ದು ಸದ್ದು ಮಾತ್ರ. ಇದಕ್ಕೆ ಹಳೆಯ ಕೇಪಿನ ಕೋವಿಯೇ ಅತ್ಯಂತ ಅಗ್ಗ. ಚರೆ ಹಾಕದೆ ಬರೀ ಮದ್ದು ತುಂಬಿ ಹಾರಿಸಿದರೂ ಕಣಿವೆಯೆಲ್ಲ ಮೊಳಗುತ್ತದೆ. ಆದರೆ ಮಳೆಗಾಲದಲ್ಲಿ ಮದ್ದು ತೇವ ಎಳೆದುಕೊಂಡು ಕೈಕೊಡುವುದುಂಟು. ತೋಟೆ ಕೋವಿ ಇದ್ದವರಿಗೆ ಆರನೇ ನಂಬರಿನ ಸಾಧಾರಣ ತೋಟೆ ಸಾಕು. ವಿದೇಶಿ ತೋಟೆಗೆ ಹಣ ಸುರಿಯಬೇಕಾಗಿಲ್ಲ. ಆರನೇ ನಂಬರಿನ ಚರೆ ಒಂದು ಔನ್ಸಿಗೆ, ಅಂದರೆ 28 ಗ್ರಾಮಿಗೆ, ಸುಮಾರು 270 ಬರುತ್ತವೆ. ಅಷ್ಟು ಸಣ್ಣ ಚರೆ ಹೆಚ್ಚೆಂದರೆ 200 ಮೀಟರಿನ ಆಸುಪಾಸಿನಲ್ಲಿ ಬಿದ್ದುಬಿಡುತ್ತದೆ. ಆದರೂ ಮನೆ, ದಾರಿ, ಕೊಟ್ಟಿಗೆ ಇರುವ ದಿಕ್ಕಿಗೆ ಕೋವಿ ಎತ್ತಲೇಬಾರದು. ಇನ್ನೊಂದು ಮಾತು: ದಿನಾ ಒಂದೇ ಅಟ್ಟಣಿಗೆಯಿಂದ ಒಂದೇ ಹೊತ್ತಿಗೆ ಸದ್ದು ಮಾಡಿದರೆ ಹಂದಿ ಕೆಲವೇ ದಿನಗಳಲ್ಲಿ ಅದಕ್ಕೆ ಒಗ್ಗಿಕೊಳ್ಳುತ್ತದೆ. ಜಾಗವನ್ನೂ ಹೊತ್ತನ್ನೂ ಬದಲಿಸುತ್ತಿದ್ದರೆ ನಾಲ್ಕು ತೋಟೆಯ ಕೆಲಸ ಒಂದರಲ್ಲಿ ಆಗುತ್ತದೆ.

ಕೊಲ್ಲುವ ವಿಷಯಕ್ಕೆ ಬಂದರೆ ಕಾಯಿದೆಯನ್ನು ಮೊದಲು ನೋಡಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಕಾಡುಹಂದಿ ಈಗ ಎರಡನೇ ಅನುಸೂಚಿಯಲ್ಲಿದೆ. ನಿಂತ ಬೆಳೆಗೆ ಅಪಾಯ ತರುವ ಇಂತಹ ಪ್ರಾಣಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ 11ನೇ ಕಲಮಿನ ಪ್ರಕಾರ ಬರವಣಿಗೆಯಲ್ಲಿ ಅಪ್ಪಣೆ ಕೊಡಬಹುದು. ಆ ಕಾಗದ ಕೈಯಲ್ಲಿ ಇಲ್ಲದೆ ಹಾರಿಸಿದ ಗುಂಡು ಎಷ್ಟೇ ಅಗ್ಗವಾದರೂ ತೀರ ದುಬಾರಿ. ಅಪ್ಪಣೆಯಿಂದ ಕೊಂದ ಪ್ರಾಣಿಯೂ ಸರ್ಕಾರದ ಸ್ವತ್ತು. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ 2029ರ ಅಕ್ಟೋಬರ್‌ವರೆಗೆ ಇರುವ ವಿನಾಯಿತಿ ಕೋವಿಯ ಪರವಾನಗಿಗೆ ಸಂಬಂಧಿಸಿದ್ದು, ಬೇಟೆಗೆ ಅಲ್ಲ. ಮಂಗ ಮತ್ತು ನವಿಲುಗಳ ಕಾಟಕ್ಕೆ ಕೋವಿಯನ್ನು ನೆನೆಯುವುದೇ ಬೇಡ.

ಅಪ್ಪಣೆ ಸಿಕ್ಕಿತೆನ್ನೋಣ. ಈಗ ಅಗ್ಗ ನೋಡಬಾರದು. ಆರನೇ ಅಥವಾ ನಾಲ್ಕನೇ ನಂಬರಿನ ಚರೆ ಹಂದಿಯ ಹೆಗಲಿನ ದಪ್ಪ ಚರ್ಮದಲ್ಲಿ ಸಿಕ್ಕಿಕೊಳ್ಳುತ್ತದೆಯೇ ಹೊರತು ಜೀವ ತೆಗೆಯುವುದಿಲ್ಲ. ಬಿ.ಬಿ. ಚರೆ ಸ್ವಲ್ಪ ದಪ್ಪ ಎಂಬ ಧೈರ್ಯದಿಂದ ಹೊಡೆಯುವವರಿದ್ದಾರೆ. ಗಾಯಗೊಂಡ ಹಂದಿ ಹಳುವಿಗೆ ಹೊಕ್ಕು, ಮರುದಿನ ಸೊಪ್ಪಿಗೆ ಹೋದ ಹೆಂಗಸರ ಮೇಲೆ ಏರಿ ಬಂದರೆ ಉಳಿಸಿದ ದುಡ್ಡಿಗೆ ಏನು ಬೆಲೆ? ಈ ಕೆಲಸಕ್ಕೆ ಎಸ್.ಜಿ. ಅಥವಾ ಎಲ್.ಜಿ. ತೋಟೆಯೇ ಆಗಬೇಕು. ಎಸ್.ಜಿ.ಯಲ್ಲಿ ಔನ್ಸಿಗೆ ಎಂಟೇ ಗುಂಡುಗಳು. 35 ಮೀಟರು ದೂರದಲ್ಲಿ ಅವು ಒಂದು ಮೀಟರಿಗೂ ಹೆಚ್ಚು ಅಗಲಕ್ಕೆ ಚದುರುವುದರಿಂದ ಮೈಗೆ ತಾಗುವುದು ಎರಡೋ ಮೂರೋ. ಆದುದರಿಂದ 20-25 ಮೀಟರಿನೊಳಗೆ, ಪ್ರಾಣಿ ಅಡ್ಡ ನಿಂತಾಗ ಮಾತ್ರ ಹೊಡೆಯತಕ್ಕದ್ದು. ತಾಗದೆ ಹೋದ ಗುಂಡು 600 ಮೀಟರಿಗೂ ಮೇಲೆ ಹೋಗಬಲ್ಲದೆಂಬುದನ್ನು ಮರೆಯಬೇಡಿ. ಗುಂಡು ನೆಲಕ್ಕೆ ಹೂತುಹೋಗುವಂತೆ ಅಟ್ಟಣಿಗೆಯ ಮೇಲಿನಿಂದ ಕೆಳಮುಖವಾಗಿ ಹೊಡೆಯುವುದು ಕ್ಷೇಮ. ರಾತ್ರಿ ಅಲುಗಿದ ಗಿಡಕ್ಕೆ ಗುರಿಯಿಟ್ಟು ನೆರೆಯವನನ್ನೇ ಕಳೆದುಕೊಂಡ ಊರುಗಳು ನಮ್ಮಲ್ಲಿವೆ.

ರೈಫಲ್ ಕೊಂಡರೆ ಹೇಗೆ ಎಂದು ಕೇಳುವವರೂ ಇದ್ದಾರೆ. ಇಪ್ಪತ್ತೆರಡರ ಸಣ್ಣ ಗುಂಡು ಹಂದಿಗೆ ಸಾಲದು, ಆದರೆ ಒಂದೂವರೆ ಕಿಲೋಮೀಟರು ಹಾರಬಲ್ಲದು. ತೋಟದ ನಡುವೆ ಮನೆ, ಲೈನು, ಕಾಲುದಾರಿ ಇರುವ ನಮ್ಮ ಸೀಮೆಗೆ ಅದು ಹೇಳಿದ್ದಲ್ಲ.

ಅಜ್ಜನ ಕಾಲದ 12 ಬೋರಿನ ಕೋವಿ ಇಟ್ಟುಕೊಂಡವರು ಇದನ್ನು ಗಮನವಿಟ್ಟು ಓದಬೇಕು. ಹಳೆಯ ಕೋವಿಗಳಲ್ಲಿ ತೋಟೆ ಕೂರುವ ಗೂಡು ಅನೇಕ ವೇಳೆ 65 ಮಿಲಿಮೀಟರಿನದು, ಅಂದರೆ ಎರಡೂವರೆ ಅಂಗುಲದ್ದು. ಅಂಗಡಿಯಲ್ಲಿ 70 ಮಿಲಿಮೀಟರಿನ ತೋಟೆ ಕಡಿಮೆ ಬೆಲೆಗೆ ಸಿಕ್ಕಿತೆಂದು ತಂದರೆ, ಅದರ ಬಾಯಿ ಮಡಿಚಿರುವುದರಿಂದ ಗೂಡಿನಲ್ಲಿ ಸಲೀಸಾಗಿಯೇ ಕೂರುತ್ತದೆ. ಸಿಡಿದಾಗ ಮಡಿಕೆ ಬಿಚ್ಚಿಕೊಳ್ಳಲು ಎಡೆ ಸಾಲದೆ ಒತ್ತಡ ಏರುತ್ತದೆ. ಹಳೆಯ ನಳಿಗೆ ಸೀಳಿದರೆ ಹೋಗುವುದು ಕೈಬೆರಳು, ಕಣ್ಣು. ನಳಿಗೆಯ ಅಡಿಯಲ್ಲಿ ಅಳತೆ ಕೊರೆದಿರುವುದುಂಟು. ಇಲ್ಲವಾದರೆ ಪರವಾನಗಿ ಪಡೆದ ಕೋವಿ ಕಸಬಿನವರಿಂದ ಅಳೆಯಿಸಿ ಬರೆದಿಟ್ಟುಕೊಳ್ಳಿ. ಕಾಗದದ ತೋಟೆ ಮಲೆನಾಡಿನ ಮಳೆಗೆ ಊದಿಕೊಂಡು ಗೂಡಿಗೆ ಹೋಗದೆ ಮೊಂಡುಮಾಡುತ್ತದೆ. ನಾಲ್ಕು ಕಾಸು ಹೆಚ್ಚಾದರೂ ಪ್ಲಾಸ್ಟಿಕ್ಕಿನದೇ ಲೇಸು.

ಇನ್ನು ಖರ್ಚಿನ ಲೆಕ್ಕ. ತೋಟೆಯ ಬೆಲೆ ಇದರಲ್ಲಿ ಸಣ್ಣ ಬಾಬು. ಪರವಾನಗಿ ನವೀಕರಣಕ್ಕೆ ಅಲೆದ ದಿನಗಳು, ಅಟ್ಟಣಿಗೆಯಲ್ಲಿ ನಿದ್ದೆಗೆಟ್ಟ ರಾತ್ರಿಗಳು, ಆ ಮೈಗೆ ಮರುದಿನ ದಕ್ಕದ ಕೆಲಸ, ಇವನ್ನೆಲ್ಲ ಕೂಲಿಯ ದರದಲ್ಲಿ ಬರೆದು ನೋಡಿ. ಚುನಾವಣೆ ಬಂದರೆ ಕೋವಿಯನ್ನು ಠಾಣೆಯಲ್ಲಿ ಒಪ್ಪಿಸಬೇಕಾಗಿ ಬರುವುದುಂಟು. ಹಂದಿಗೆ ಚುನಾವಣೆಯ ಗೊಡವೆ ಇಲ್ಲ! ಈ ಮೊತ್ತವನ್ನು ನಾಲ್ಕು ವರ್ಷಕ್ಕೆ ಕೂಡಿಸಿ, ಅಕ್ಕಪಕ್ಕದ ಮೂರು ನಾಲ್ಕು ಹಿಡುವಳಿಗಳು ಸೇರಿ ಹಾಕಿಸುವ ಸೌರ ಬೇಲಿಯಲ್ಲಿ ತಮ್ಮ ಪಾಲು ಎಷ್ಟಾಗುವುದೆಂದು ಪಕ್ಕದಲ್ಲಿಟ್ಟು ನೋಡಿ. ಹಿಡುವಳಿ ಒಂದೇ ಕಡೆ ಇದ್ದವರಿಗೆ ಬೇಲಿಯೇ ಲಾಭವೆಂದು ನನಗೆ ತೋರುತ್ತದೆ. ಹೊಲ ಚೂರುಚೂರಾಗಿ ಕಾಡಂಚಿನಲ್ಲಿ ಹರಡಿದ್ದವರಿಗೆ ಮಾತ್ರ ಕೋವಿಯ ಕಾವಲು ಇನ್ನೂ ಕೆಲವು ಕಾಲ ತಪ್ಪದು. ಬೇಲಿಗೆ ಕಂಬದ ತಂತಿಯಿಂದ ನೇರವಾಗಿ ಕರೆಂಟು ಕೊಡುವುದು, ಸಿಡಿಮದ್ದಿನ ಉಂಡೆ ಇಡುವುದು ಇವುಗಳಿಗೆ ಖರ್ಚು ಕಡಿಮೆಯೆಂದು ಯಾರಾದರೂ ಹೇಳಿದರೆ ಅವರ ಮಾತಿಗೆ ಕಿವಿಗೊಡಬೇಡಿ. ಅವು ಹಂದಿಯನ್ನಷ್ಟೇ ಅಲ್ಲ, ದನಕರುವನ್ನೂ ಮನುಷ್ಯನನ್ನೂ ಕೊಲ್ಲುತ್ತವೆ.

ಕೋವಿಯನ್ನೇ ನಂಬಿದವರು ಸುಗ್ಗಿಗೆ ಎರಡು ತಿಂಗಳು ಇರುವಾಗಲೇ ಅಪ್ಪಣೆಗೆ ಅರ್ಜಿ ಹಾಕುವುದು ಒಳ್ಳೆಯದು. ತೆನೆ ಬಲಿತ ಮೇಲೆ ಕಚೇರಿಗೆ ಓಡಿದರೆ ಕಾಗದ ಬರುವಷ್ಟರಲ್ಲಿ ಗದ್ದೆ ಬಯಲಾಗಿರುತ್ತದೆ. ಪೇಟೆಗೆ ಹೋಗುವಾಗ ಪರವಾನಗಿ ಪುಸ್ತಕದ ಜೊತೆ ಗೂಡಿನ ಅಳತೆ ಬರೆದ ಚೀಟಿಯೂ ಜೇಬಿನಲ್ಲಿರಲಿ. ಸದ್ದಿನ ತೋಟೆಯನ್ನೂ ಎಸ್.ಜಿ.ಯನ್ನೂ ಬೇರೆಬೇರೆ ಡಬ್ಬಿಯಲ್ಲಿ, ಬೆಂಕಿಗೂ ಮಕ್ಕಳ ಕೈಗೂ ದೂರವಾಗಿ, ಬೀಗ ಹಾಕಿ ಇಡಿ. ಕತ್ತಲಲ್ಲಿ ಒಂದಕ್ಕೆ ಇನ್ನೊಂದು ಕೈಗೆ ಬರಬಾರದು.