ಅಜ್ಜನ ಬ್ರಶ್‌ಗೆ ಹೊಸ ಕೂದಲು

ಈ ಸಲ ವರ್ಕ್ ಫ್ರಮ್ ಹೋಮ್ ಅಂತ ಶಿರಸಿ ಕಡೆಯ ನಮ್ಮ ಮನೆಗೆ ಹೋದಾಗ ಮೊದಲು ಕಣ್ಣಿಗೆ ಬಿದ್ದಿದ್ದು ಅಪ್ಪಯ್ಯನ ಗಡ್ಡ. ಎರಡು ವಾರದ್ದು! ದಿನಾ ಬೆಳಿಗ್ಗೆ ಗಡ್ಡ ಮಾಡಿಕೊಂಡೇ ತೋಟಕ್ಕಿಳಿಯುತ್ತಿದ್ದ ಮನುಷ್ಯ.

"ಬ್ರಶ್ಶಿನ ಕೂದ್ಲೆಲ್ಲ ಉದುರಿಹೋಯ್ದು" ಅಂದರು. ಆಯಿ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು, "ಬ್ರಶ್ಶಲ್ಲ ತಮಾ, ಕೈ ನಡುಗ್ತು."

ಎರಡೂ ನಿಜವೇ. ಕೈಗೆ ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ಬ್ರಶ್ ನನ್ನ ಪಾಲಿಗೆ ಬಂತು.

ಅದು ಅಜ್ಜನದು. ಮರದ ಹಿಡಿ, ಕೈ ತಾಗಿ ತಾಗಿ ಕಪ್ಪಾಗಿದೆ. "ಹೊಸದೇ ತರೋಣ" ಅಂದೆ. ಅಪ್ಪಯ್ಯ ಮಾತಾಡಲಿಲ್ಲ, ಹಿಡಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅರ್ಥವಾಯಿತು.

ಬ್ರಶ್ಶಿನ ಕೂದಲನ್ನು ಒಂದೊಂದಾಗಿ ನೆಟ್ಟಿರೋದಿಲ್ಲ. ಬುಡದಲ್ಲಿ ಅಂಟು ಹಾಕಿ ಕಟ್ಟಿದ ಒಂದೇ ಗುಚ್ಛ, ಹಿಡಿಯ ಗುಳಿಯಲ್ಲಿ ಕೂತಿರುತ್ತೆ. ಆ ಗುಚ್ಛ ಆನ್‌ಲೈನ್‌ನಲ್ಲಿ ಬಿಡಿಯಾಗಿಯೂ ಸಿಗುತ್ತೆ. ಗುಳಿಯ ಅಗಲ ಮಾತ್ರ ಸರಿಯಾಗಿ ಗೊತ್ತಿರಬೇಕು. ನಾನು ಸ್ಕೂಲ್ ಸ್ಕೇಲಿನಲ್ಲಿ ಅಳೆದು 22 ಮಿಲಿಮೀಟರ್‌ನದು ತರಿಸಿದೆ. ಕೂರಲಿಲ್ಲ. ಕೊನೆಗೆ ಫಸ್ಟ್ ಇಯರ್ ಲ್ಯಾಬಿನ ನಂತರ ಮುಟ್ಟಿಯೇ ಇರದ ವರ್ನಿಯರ್ ಕ್ಯಾಲಿಪರ್ ಹಿಡಿದೆ. 20! ಇಂಜಿನಿಯರಿಂಗ್ ಡಿಗ್ರಿ ಅಂತೂ ಒಮ್ಮೆ ಉಪಯೋಗಕ್ಕೆ ಬಂತು.

ಹಳೇ ಕೂದಲು ಯಾವ ಪ್ರಾಣಿಯದೋ. ಅದನ್ನು ಉಳಿಸೋ ಆಸೆ ಬೇಡ. ಮೊದಲ ಮಹಾಯುದ್ಧದ ಕಾಲದಲ್ಲಿ ಸರಿಯಾಗಿ ಶುದ್ಧಮಾಡದ ಕುದುರೆ ಕೂದಲಿನ ಬ್ರಶ್‌ಗಳಿಂದ ಬ್ರಿಟನ್, ಅಮೆರಿಕದ ಸೈನಿಕರಿಗೆ ಆಂಥ್ರಾಕ್ಸ್ ತಗುಲಿತ್ತು. ದನಗಳಿಗೆ ಬರುವ ನೆರಡಿ ರೋಗ ಅಂತೀವಲ್ಲ, ಅದೇ. 1920ರಲ್ಲಿ ಬ್ರಿಟನ್ ಜಪಾನಿನ ಶೇವಿಂಗ್ ಬ್ರಶ್ ಆಮದನ್ನೇ ನಿಲ್ಲಿಸಿತು. ಹೊಸ ಗುಚ್ಛ ನೋಡಿ ಅಪ್ಪಯ್ಯ ಕೇಳಿದ್ದೂ ಅದನ್ನೇ: "ಎಂತಾ ಕೂದ್ಲು ಇದು? ಹಂದಿದಲ್ಲ ಅಲ್ದಾ?" ಅಲ್ಲ, ಸಿಂಥೆಟಿಕ್. ನಮ್ಮ ಮಳೆಗಾಲಕ್ಕೆ ಅದೇ ಸರಿ, ಬೇಗ ಒಣಗುತ್ತೆ.

ಹಳೇ ಕೂದಲನ್ನು ಬುಡದ ತನಕ ಕತ್ತರಿಸಿದೆ. ಮರದ ಹಿಡಿಯನ್ನು ಕುದಿಯುವ ನೀರಿಗೆ ಹಾಕಿದರೆ ಸೀಳುತ್ತೆ. ಹಾಗಾಗಿ ಗುಳಿಯ ನಡುವೆ ಸಣ್ಣ ತೂತು ಕೊರೆದು, ಅಲ್ಲಿಂದ ಅಂಚಿನ ಕಡೆಗೆ ಹಳೇ ಅಂಟನ್ನು ಸ್ವಲ್ಪಸ್ವಲ್ಪವಾಗಿ ಕೆರೆದು ತೆಗೆದೆ. ಆಫೀಸಿನ ಕಾಲ್ ಮುಗಿಸಿ ಎರಡು ಸಂಜೆ ಅದೇ ಕೆಲಸ. ಅಂಟು ಹಾಕೋ ಮೊದಲು ಗುಚ್ಛವನ್ನು ಹಾಗೇ ಇಟ್ಟು ನೋಡಬೇಕು: ತೀರಾ ಆಳಕ್ಕೆ ಹೋದರೆ ಬ್ರಶ್ ಬಿರುಸು, ಮೇಲೆ ನಿಂತರೆ ಜೋಲು. ಅರಾಲ್ಡೈಟಿನ ಎರಡು ಟ್ಯೂಬನ್ನೂ ಸಮಸಮ ಕಲಸಿ ಕೂರಿಸಿ, ಒಂದು ದಿನ ಮುಟ್ಟದೆ ಬಿಟ್ಟೆ.

"ಕೂದಲು ಬದಲಾದ ಮೇಲೆ ಅದು ಅಜ್ಜನ ಬ್ರಶ್ ಹೆಂಗಾಗ್ತು?" ಅಂತ ತಂಗಿ ಫೋನಿನಲ್ಲಿ ಕಾಲೆಳೆದಳು. ಅಡಿಕೆ ಸುಲಿಯೋ ಮೆಟ್ಟುಗತ್ತಿಯ ಮಣೆ ಎರಡು ಸಲ ಬದಲಾಗಿದೆ. ಅದನ್ನ ಅಜ್ಜನ ಕತ್ತಿ ಅಂತಲೇ ಕರೀತೀವಲ್ಲ?

ಮರುದಿನ ಅಪ್ಪಯ್ಯ ಕನ್ನಡಿ ಎದುರು ಕೂತರು. ಕೈ ನಡುಗುತ್ತಲೇ ಇತ್ತು, ಕೆನ್ನೆ ತುಂಬ ದಪ್ಪ ನೊರೆ ಎದ್ದಿತು. "ನೊರೆ ಬರ್ಸಲೆ ನಡುಗೋ ಕೈಯೇ ಚಲೋ ತಮಾ" ಅಂತ ನಕ್ಕು, ರೇಜರನ್ನು ನನ್ನ ಕೈಗಿಟ್ಟರು. ಅವರ ಮುಖವನ್ನು ಅಷ್ಟು ಹತ್ತಿರದಿಂದ ನಾನು ಯಾವತ್ತೂ ನೋಡಿರಲಿಲ್ಲ. ಮುಗಿದ ಮೇಲೆ ಕೆನ್ನೆ ಸವರಿಕೊಂಡು ಅಂದರು: "ಅಡ್ಡಿಲ್ಲೆ."

ಭಾನುವಾರ ರಾತ್ರಿ ಬೆಂಗಳೂರಿನ ಬಸ್ಸು. ಅಷ್ಟರೊಳಗೆ ಆಯಿಗೆ ರೇಜರ್ ಹಿಡಿಯೋದು ಕಲಿಸ್ತಾ ಇದ್ದೀನಿ.