ಹಿಡಿದು ಬಿಡುವವನಿಗೂ ಹೊಳೆಯಲ್ಲಿ ಜಾಗ ಇರಲಿ

ಹೊಳೆನರಸೀಪುರದ ಹುಡುಗರು ಈಗ ಮೊಬೈಲಿನಲ್ಲಿ ಮಾರ್ಲಿನ್ ನೋಡುತ್ತಾರೆ. ಸಮುದ್ರದಲ್ಲಿ ದೋಣಿಯ ಹಿಂದೆ ಲೂರ್ ಎಂಬ ಬಣ್ಣದ ಹುಸಿ ಎರೆ ಓಡುತ್ತಿರುತ್ತದೆ, ಮೂತಿಯಲ್ಲಿ ಭರ್ಜಿ ಇಟ್ಟುಕೊಂಡ ಮೀನೊಂದು ಅದನ್ನು ಕಚ್ಚಿ ನೀರಿಂದ ಆಳೆತ್ತರ ನೆಗೆಯುತ್ತದೆ. 1953ರಲ್ಲಿ ಪೆರು ದೇಶದ ಕಾಬೊ ಬ್ಲಾಂಕೊದಲ್ಲಿ ಆಲ್ಫ್ರೆಡ್ ಗ್ಲಾಸೆಲ್ ಹಿಡಿದ ಕಪ್ಪು ಮಾರ್ಲಿನ್ 707 ಕಿಲೋ ತೂಗಿತ್ತು ಎನ್ನುವುದು ಅವರಿಗೆ ಬಾಯಿಪಾಠ. ಆದರೆ ಪಕ್ಕದ ಅರಕಲಗೂಡು ತಾಲ್ಲೂಕಿನಲ್ಲಿ ಹರಿಯುವ ಕಾವೇರಿಯ ಬಿಳಿಮೀನಿನ ವಿಷಯ ಕೇಳಿದರೆ, ಹೋಟೆಲಿನಲ್ಲಿ ಯಾವ ರೇಟು ಅಂತ ನನ್ನನ್ನೇ ತಿರುಗಿ ಕೇಳುತ್ತಾರೆ.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವನು. ಸರ್ವೀಸಿನ ಬಹುಪಾಲು ಕಳೆದದ್ದು ಹಾಸನ, ಅರಕಲಗೂಡು, ರಾಮನಾಥಪುರದ ರೂಟಿನಲ್ಲಿ. ಗಾಳದ ಹುಚ್ಚು ಚಿಕ್ಕಂದಿನದು. ಹೇಮಾವತಿ ದಂಡೆಯಲ್ಲಿ ಎರೆಹುಳು ಸಿಕ್ಕಿಸಿ ಕೂತವನು, ಆಮೇಲೆ ಗೊರೂರು ಡ್ಯಾಮಿನ ಹಿನ್ನೀರಿನಲ್ಲಿ ರಬ್ಬರ್ ಕಪ್ಪೆ ಎಸೆದು ಮರಲ್ ಹಿಡಿಯುವುದನ್ನೂ ಕಲಿತೆ. ಚನ್ನರಾಯಪಟ್ಟಣದ ಕಡೆ ಕೆರೆಗಳಿಗೆ ಹೇಮಾವತಿ ನೀರು ಬಂದಮೇಲೆ ಕಾಟ್ಲಾ, ರೋಹು ಬೇಕಾದಷ್ಟು. ಅವು ಬಿತ್ತಿ ಬೆಳೆದ ಮೀನು. ಅದರಲ್ಲಿ ನನಗೆ ಅಂಥ ರುಚಿಯಿಲ್ಲ. ನಾಲಗೆಯ ಮಾತಲ್ಲ, ಗಾಳದ ಮಾತು.

ಮಹಶೀರ್ ಎಂದು ಜಗತ್ತು ಕರೆಯುವ ಬಿಳಿಮೀನು ಬೇರೆಯೇ ಕುಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು, ಹುಲಿ ಚಿರತೆಗಳ ಚರ್ಮ ತುಂಬಿಸಿಕೊಡುತ್ತಿದ್ದ ಅದೇ ಮನೆತನ, ಕಬಿನಿಯಲ್ಲಿ 120 ಪೌಂಡಿನ ಬಿಳಿಮೀನು ಹಿಡಿದಿದ್ದರು. ಸುಮಾರು 54 ಕಿಲೋ. ಮಾರ್ಲಿನ್ ಮುಂದೆ ಅದು ಚಿಕ್ಕದು, ಒಪ್ಪೋಣ. ಮಾರ್ಲಿನ್‌ಗೆ ಓಡಲು ಇಡೀ ಸಮುದ್ರವಿದೆ, ಹಿಡಿಯುವವನಿಗೆ ಎಂಜಿನ್ ದೋಣಿಯಿದೆ. ಇಲ್ಲಿ ಬಂಡೆ, ಸುಳಿ, ಹರಿಗೋಲು ಅಷ್ಟೆ.

ತೊಂಬತ್ತರ ದಶಕದಲ್ಲಿ ರಜೆ ಹಾಕಿ ಕಾವೇರಿ ದಂಡೆಯ ಭೀಮೇಶ್ವರಿಯ ಗಾಳದ ಶಿಬಿರಕ್ಕೆ ಹೋಗಿದ್ದೆ, ಬರೀ ನೋಡುವುದಕ್ಕೆ. ಲೂರ್ ಹಾಕುವವರೂ ಇದ್ದರು, ಆದರೆ ದೊಡ್ಡ ಮೀನಿಗೆ ಅಲ್ಲಿಯವರು ನಂಬಿದ್ದು ರಾಗಿ ಹಿಟ್ಟನ್ನು. ಗಟ್ಟಿಯಾಗಿ ನಾದಿ, ಉಂಡೆ ಕಟ್ಟಿ, ಬೇಯಿಸಿ ಗಾಳಕ್ಕೆ ಮೆತ್ತುತ್ತಿದ್ದರು. ನಾವು ಉಣ್ಣುವ ಮುದ್ದೆಯನ್ನೇ ಹೊಳೆಯ ರಾಜನೂ ಉಣ್ಣುತ್ತಾನಲ್ಲ ಅಂತ ನನಗೆ ಒಳಗೊಳಗೇ ಖುಷಿ. ವಿದೇಶಿಯೊಬ್ಬನ ಗಾಳವನ್ನು ಮೀನು ಕಚ್ಚಿತು. ಕಚ್ಚಿದ್ದೇ ತಡ, ಹರಿವಿನ ಜೊತೆ ಕೆಳಕ್ಕೆ ಒಂದೇ ಓಟ. ರೀಲು ಕಿರುಚಿಕೊಂಡಿತು. ಬಂಡೆಯ ಸಂದಿಗೆ ಹೊಕ್ಕು ದಾರ ಉಜ್ಜುವುದು ಅದರ ಉಪಾಯ. ಹರಿಗೋಲಿನವನು ಹಿಂದೆಯೇ ಹೋಗಿ, ದಾರವನ್ನು ಬಂಡೆಯಿಂದ ಬಿಡಿಸಿದ. ಕೊನೆಗೆ ದಡಕ್ಕೆ ಬಂದಾಗ ಹುರುಪೆ ಒಂದೊಂದೂ ನನ್ನ ಅಂಗೈಯ ಅರ್ಧದಷ್ಟಿತ್ತು. ತೂಗಿದರು, ಪುಸ್ತಕದಲ್ಲಿ ಬರೆದರು, ಉಸಿರು ತಿರುಗುವವರೆಗೆ ಹರಿವಿಗೆ ಮುಖ ಮಾಡಿ ಹಿಡಿದುಕೊಂಡಿದ್ದು ಬಿಟ್ಟರು.

ಊರಿಗೆ ಬಂದು ಇದನ್ನು ಹೇಳಿದಾಗ ಕೇರಳಾಪುರದ ನಮ್ಮ ಸೋದರತ್ತೆ, “ತಿನ್ನೋದಿಲ್ಲ ಅಂದ್ಮೇಲೆ ಹಿಡಿಯೋದ್ಯಾಕೋ, ಅದಕ್ಕೂ ನೋವಿಲ್ವಾ?” ಅಂದರು. ಪ್ರಾಣಿದಯೆಯವರು ಇಂದಿಗೂ ಕೇಳುವುದು ಇದನ್ನೇ. ನೋವಿಲ್ಲ ಎಂದು ವಾದಿಸಲಾರೆ. ಆದರೆ ಮೀನು ತೂಗಿ ಬರೆದ ಅಂಥ ಪುಸ್ತಕಗಳ ಕಥೆ ಕೇಳಬೇಕು.

ಭೀಮೇಶ್ವರಿಯಂಥದ್ದೇ ಶಿಬಿರ ಗಾಳಿಬೋರೆಯಲ್ಲೂ ಇತ್ತು. ಅಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ಇಂಗ್ಲೆಂಡಿನ ಬೋರ್ನ್‌ಮತ್ ವಿಶ್ವವಿದ್ಯಾಲಯದ ಏಡ್ರಿಯನ್ ಪಿಂಡರ್, ನಮ್ಮ ದೇಶದ ರಾಜೀವ್ ರಾಘವನ್ ಮುಂತಾದವರು ಬಿಡಿಸಿ ನೋಡಿದರು. 6,161 ಮೀನುಗಳ ಲೆಕ್ಕ, ದೊಡ್ಡದು 46.8 ಕಿಲೋ. ಮೇಲ್ನೋಟಕ್ಕೆ ಹೊಳೆ ತುಂಬ ಮೀನು. ಆದರೆ ಕಾವೇರಿಗೇ ಸೇರಿದ ಗೂನುಬೆನ್ನಿನ ಜಾತಿ ವರ್ಷ ವರ್ಷಕ್ಕೆ ಕಡಿಮೆಯಾಗಿತ್ತು. ಸಿಕ್ಕವೂ ದೊಡ್ಡ ದೊಡ್ಡ ಹಳೆಯ ಮೀನು, ಮರಿಗಳೇ ಇಲ್ಲ. ಜಾಗ ತುಂಬಿದ್ದು ಕೃಷ್ಣೆಯ ಕಡೆಯ, ನೀಲಿ ರೆಕ್ಕೆಯ ಇನ್ನೊಂದು ಮಹಶೀರ್. ಲೋನಾವಳದ ಟಾಟಾ ಕೇಂದ್ರದಲ್ಲಿ ಮರಿ ಮಾಡಿಸಿ, ಮಹಶೀರ್ ಉಳಿಸುತ್ತೇವೆಂದು ಒಳ್ಳೆಯ ಮನಸ್ಸಿನಿಂದಲೇ ಕಾವೇರಿಗೆ ತಂದುಬಿಟ್ಟದ್ದು. ಗೂನುಬೆನ್ನಿನ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದೇ 2018ರಲ್ಲಿ, ಟೋರ್ ರೆಮದೇವಿ ಎಂದು. ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ನಾಮಕರಣದ ದಿನವೇ ವೈದ್ಯರು ಕೈಚೆಲ್ಲಿದ ಹಾಗೆ.

ಇಷ್ಟೆಲ್ಲ ತಿಳಿದದ್ದು ಗಾಳದವರು ಬರೆದ ಪುಸ್ತಕದಿಂದ. ವನ್ಯಜೀವಿ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಗಾಳ ಕೂಡದು ಎಂದಾದಾಗ ಆ ಶಿಬಿರಗಳಲ್ಲಿ ಗಾಳ ನಿಂತಿತು. ಕಾನೂನು ಕಾನೂನೇ. ಆದರೆ ಗಾಳದ ಜೊತೆಗೆ ಲೆಕ್ಕವೂ ನಿಂತಿತು. ಕಂಡಕ್ಟರಾಗಿ ನನಗೆ ಗೊತ್ತು, ವೇ ಬಿಲ್ ಬರೆಯದ ಬಸ್ಸಿನಲ್ಲಿ ಎಷ್ಟು ಜನ ಹತ್ತಿದರು, ಎಲ್ಲಿ ಇಳಿದರು ಎಂದು ಡಿಪೋದಲ್ಲಿ ಕೂತವರಿಗೆ ಯಾವತ್ತೂ ತಿಳಿಯುವುದಿಲ್ಲ.

ನಮ್ಮ ಜಿಲ್ಲೆಗೆ ಬರೋಣ. ರಾಮನಾಥಪುರದಲ್ಲಿ ರಾಮೇಶ್ವರನ ಗುಡಿಯ ಮುಂದೆ ಮೀನಿಗೆ ರಕ್ಷಣೆಯಿದೆ. ಬಂದವರು ಪುರಿ ಎರಚುತ್ತಾರೆ, ಮೀನು ಮೇಲೆದ್ದು ಬಾಯಿ ತೆರೆಯುತ್ತದೆ. ಅಲ್ಲಿ ಯಾರೂ ಗಾಳ ಹಾಕಬಾರದು, ನನ್ನಂಥವನು ಮೊದಲು ಹಾಕಬಾರದು. ದೇವರ ಮೀನು ಎಂಬ ಭಯ ಇಲಾಖೆಯ ಬೋರ್ಡಿಗಿಂತ ಗಟ್ಟಿ. ಆದರೆ ಆ ಭಯ ಸೋಪಾನಕಟ್ಟೆ ಕಾಣುವವರೆಗೆ ಮಾತ್ರ. ಅಲ್ಲಿಂದ ಆಚೆಗೆ ತೋಟೆ ಸಿಡಿಸುವವನನ್ನು, ನೀರಿಗೆ ಕರೆಂಟು ಬಿಡುವವನನ್ನು ನೋಡುವವರು ಯಾರು? ತೋಟೆಗೆ ಮರಿ, ಮೊಟ್ಟೆಯ ಮೀನು ಅನ್ನುವ ಭೇದವಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಕೊಣನೂರು, ರಾಮನಾಥಪುರದ ಆಚೀಚೆ, ಅಭಯಾರಣ್ಯಕ್ಕೂ ದೇವರ ಮಡುವಿಗೂ ಸೇರದ ಒಂದು ತುಂಡು ಹೊಳೆಯನ್ನು ಮೀನುಗಾರಿಕೆ ಇಲಾಖೆ ಗುರುತಿಸಲಿ. ದುಡ್ಡು ಕಟ್ಟಿದವನು ಒಂಟಿ ಗಾಳದಲ್ಲಿ, ಅದರ ಮುಳ್ಳು ಅರೆದು ಬೋಳು ಮಾಡಿ, ಲೂರೋ ರಾಗಿಯೋ ಹಾಕಿ ಹಿಡಿಯಲಿ, ಅಳೆದು ಬರೆದು ಬಿಡಲಿ. ಬೇಸಿಗೆಯ ಕಾದ ನೀರಿನಲ್ಲೂ, ಮೀನು ಮೊಟ್ಟೆಗೆ ಹೊರಡುವ ಮಳೆಗಾಲದಲ್ಲೂ ಬಂದ್. ಬಂದ ದುಡ್ಡು ಹೊಳೆ ದಂಡೆಯ ಹುಡುಗರಿಗೆ ಕಾವಲಿನ ಸಂಬಳವಾಗಲಿ. ಬಲೆಯಿಂದ ಬದುಕುವವರನ್ನು ಎಬ್ಬಿಸುವ ಮಾತು ಬೇಡ; ನೀರು ಬಲ್ಲವರು ಅವರೇ, ಮೊದಲ ಕೆಲಸ ಅವರಿಗೆ ಸಿಗಲಿ.

ಶ್ರೀಮಂತರ ಮೋಜಿಗೆ ಹೊಳೆ ಬರೆದುಕೊಟ್ಟ ಹಾಗಾಗುತ್ತದೆ ಎನ್ನುವವರಿದ್ದಾರೆ. ಆಗಬಹುದು, ರೆಸಾರ್ಟಿನವರ ಕೈಗೆ ಕೊಟ್ಟರೆ ಆಗಿಯೇ ಆಗುತ್ತದೆ. ಅದಕ್ಕೇ ಪಂಚಾಯಿತಿಗೆ ಕೊಡಿ ಎನ್ನುವುದು. ಹೊಳೆನರಸೀಪುರದ ಹುಡುಗನಿಗೆ ದಿನದ ಚೀಟಿ ಒಂದು ಬಿರಿಯಾನಿಯ ದುಡ್ಡಿಗೆ ಸಿಗಬೇಕು.

ಇನ್ನೊಂದು. ಇಲಾಖೆಯವರು ಇನ್ನು ಮುಂದೆ ಮಹಶೀರ್ ಮರಿ ಬಿಡುವ ಕಾರ್ಯಕ್ರಮ ಇಟ್ಟುಕೊಂಡರೆ, ಶಾಸಕರನ್ನು ಕರೆಯುವ ಮೊದಲು ಆ ಮರಿ ಕಾವೇರಿಯದೋ ಕೃಷ್ಣೆಯ ಕಡೆಯದೋ ಅಂತ ಬಲ್ಲವರಿಂದ ಒಂದು ಕಾಗದ ಬರೆಸಿಕೊಳ್ಳಲಿ. ನೀಲಿ ರೆಕ್ಕೆಯದಾದರೆ ಬಕೆಟ್ಟು ವಾಪಸ್ ಹೋಗಲಿ.