ಗುಳಿಗೆ ತಪ್ಪಿಸಿದವನನ್ನು ಯಾರು ಕೇಳಬೇಕು?

"ಹದಿನೈದು ದಿನ ಒಳಗ ಇಡ್ರಿ, ತಾನಽ ನೆಟ್ಟಗ ಆಗ್ತಾನ." ಗೋಕಾಕ, ಹುಕ್ಕೇರಿ ಕಡೆ ಚಟದ ಮಾತೆದ್ದರೆ ಇಂಥ ತೀರ್ಪು ಸಿದ್ಧವಾಗಿಯೇ ಇರುತ್ತದೆ. ಅಫೀಮು ಜಾತಿಯ ಮಾದಕಗಳ ಮಟ್ಟಿಗೆ ಇದು ಅಪಾಯದ ಮಾತು. ಒಳಗಿದ್ದಷ್ಟು ದಿನ ದೇಹದ ತಾಳಿಕೆ ಇಳಿಯುತ್ತದೆ. ಹೊರಬಂದವನು ಹಳೆಯ ಪ್ರಮಾಣದಲ್ಲೇ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು.

ಈ ಚಟಕ್ಕೆ ಬೇಕಿರುವುದು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಚಿಕಿತ್ಸೆ. ನಾಲಿಗೆಯಡಿ ಇಡುವ ಬುಪ್ರೆನಾರ್ಫಿನ್ ಗುಳಿಗೆ ಸೆಳೆತವನ್ನು ಹಿಡಿದಿಡುತ್ತದೆ. 1990ರ ದಶಕದ ನಡುವೆ ಫ್ರಾನ್ಸ್ ಇದನ್ನು ಬರೆದುಕೊಡಲು ಸಾಮಾನ್ಯ ವೈದ್ಯರಿಗೂ ಅವಕಾಶ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಅಲ್ಲಿ ಅತಿಸೇವನೆಯ ಸಾವುಗಳು ತೀವ್ರವಾಗಿ ಇಳಿದವು.

ಅಫೀಮು ಜಾತಿಯ ಚಟದಲ್ಲಿ ಕರ್ನಾಟಕ ಪಂಜಾಬ್ ಅಲ್ಲ, ನಿಜ. 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವವರು ಶೇ. 14.6, ಅಫೀಮು ಜಾತಿಯವನ್ನು ಬಳಸುವವರು ಶೇ. 2.1. ಆದರೆ ಚಿಕಿತ್ಸೆಯಿಂದ ಜಾರುವ ದಾರಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಗೋಕಾಕದಿಂದ ಬೆಳಗಾವಿ ಸುಮಾರು 60 ಕಿ.ಮೀ., ಮೂಡಲಗಿಯಿಂದ ಇನ್ನೂ ದೂರ. ಕಬ್ಬು ಕಡಿಯುವ ಹಂಗಾಮಿನಲ್ಲಿ ಗುಳಿಗೆಗೆಂದು ಅಲ್ಲಿಗೆ ಹೊರಟರೆ ಅಂದಿನ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ. ಎರಡು ಸಲ ತಪ್ಪಿಸಿದವನು ಮೂರನೇ ಸಲ ಡಾಕ್ಟರ ಮುಖ ನೋಡಲು ನಾಚುತ್ತಾನೆ. ಅಲ್ಲಿಗೆ ಚಿಕಿತ್ಸೆ ಮುಗಿಯಿತು. ಇದನ್ನು ಮನೋಬಲದ ಕೊರತೆ ಎನ್ನುವವರು ಒಮ್ಮೆ ಆ ಬಸ್ಸಿಗೆ ಕಾಯಲಿ.

ಕ್ಷಯರೋಗಿ ಗುಳಿಗೆ ಬಿಟ್ಟರೆ ಊರ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಸುಮ್ಮನಿರುವುದಿಲ್ಲ. ರಿಜಿಸ್ಟರಿನಲ್ಲಿ ಹೆಸರಿದೆ, ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾಳೆ, ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ತಿಂಗಳಿಗೆ 1,000 ರೂಪಾಯಿ ಖಾತೆಗೆ ಹಾಕುತ್ತದೆ. ಬಿಟ್ಟುಹೋದವನನ್ನು ಬೈಯದೆ ಮರಳಿ ಕರೆತರುವ ವಿದ್ಯೆ ನಮ್ಮ ವ್ಯವಸ್ಥೆಗೆ ಗೊತ್ತು. ಚಟದ ರೋಗಿಗೆ ಅದನ್ನು ಬಳಸುವ ಮನಸ್ಸಿಲ್ಲ, ಅಷ್ಟೆ.

ಚಟದ ಗುಳಿಗೆಯನ್ನೂ ಹೀಗೆ ಊರ ಹತ್ತಿರವೇ ಕೊಟ್ಟು ವಿಚಾರಿಸಿಕೊಳ್ಳುವುದಕ್ಕೆ ಬರುವ ಆಕ್ಷೇಪಗಳಲ್ಲಿ ಎರಡು ತೂಕದವು. ಬುಪ್ರೆನಾರ್ಫಿನ್ ಕಳ್ಳದಾರಿ ಹಿಡಿದು ಸೂಜಿಗೇರುವುದುಂಟು. ನಲಾಕ್ಸೋನ್ ಬೆರೆಸಿದ ಗುಳಿಗೆ ಅದನ್ನು ಕಡಿಮೆ ಮಾಡೀತು, ಪೂರ್ತಿ ತಡೆಯಲಾರದು. ಹಾಗೆಂದು ಎಲ್ಲರಿಗೂ ದಿನಾ ಬನ್ನಿ ಎಂದರೆ ಕೂಲಿಯವನು ಉಳಿಯುವುದಿಲ್ಲ. 2017ರಲ್ಲಿ ಈ ಚಿಕಿತ್ಸೆಗೆ ಹೊರರೋಗಿ ಕೇಂದ್ರಗಳನ್ನು ತೆರೆದ ಪಂಜಾಬ್, 2020ರ ಲಾಕ್‌ಡೌನಿನಲ್ಲಿ ಹಲವು ದಿನಗಳ ಗುಳಿಗೆಯನ್ನು ಮನೆಗೇ ಕೊಟ್ಟಿತು. ಮೊದಲು ಕಣ್ಣೆದುರಿಗೆ, ನೆಲೆನಿಂತ ಮೇಲೆ ವಾರದ್ದು ಕೈಗೆ ಎಂಬ ಕ್ರಮ ಇಲ್ಲಿಯೂ ಆದೀತು.

ಇನ್ನೊಂದು, ಗುಟ್ಟು. ಆಶಾ ಬಾಗಿಲಿಗೆ ಬಂದರೆ ಓಣಿಗೆಲ್ಲ ಸುದ್ದಿ. ಆದ್ದರಿಂದ ಮನೆಭೇಟಿಗಿಂತ ಫೋನು ವಾಸಿ: ಆಪ್ತಸಮಾಲೋಚಕರು ಗುಳಿಗೆ ತಪ್ಪಿದ ಮರುದಿನವೇ ಮಾತಾಡಲಿ, ಯಾರಿಗೆ ತಿಳಿಸಬಹುದು ಎಂಬುದನ್ನು ರೋಗಿಯಿಂದಲೇ ಮೊದಲು ಕೇಳಿ ಬರೆದಿಟ್ಟುಕೊಂಡಿರಲಿ. ತರಬೇತಾದ ವೈದ್ಯರು ವರ್ಗವಾಗಿ ಹೋದರೂ ಆ ಫೋನು ನಿಲ್ಲದಂತೆ ಇನ್ನೊಬ್ಬರನ್ನು ತಯಾರು ಮಾಡುವುದು ಜಿಲ್ಲೆಯ ಮಾನಸಿಕ ಆರೋಗ್ಯ ಕಾರ್ಯಕ್ರಮದ ಹೊಣೆ.